ನಿಕ್ ಕೇವ್ ಹಾಡಿನ ದಾರಿ ಬದಲಾಗಿದ್ದು ಯಾವಾಗ?

ತಂತಿನಾದ

ಆಸ್ಟ್ರೇಲಿಯಾದ ರಾಕ್ ಗಾಯಕ ನಿಕ್ ಕೇವ್ ಬಗ್ಗೆ ಎಲ್ಲಿ ಓದಿದರೂ ಒಂದೇ ಕಥೆ ಸಿಗುತ್ತದೆ. ಮೊದಲು ಹೆರಾಯಿನ್, ಕೊಲೆ, ಬೈಬಲ್, ಕಿರುಚಾಟ. ಆಮೇಲೆ 2015ರಲ್ಲಿ ಹದಿನೈದು ವರ್ಷದ ಮಗ ಆರ್ಥರ್ ಬ್ರೈಟನ್ ಹತ್ತಿರದ ಕಡಿದಾದ ದಂಡೆಯಿಂದ ಬಿದ್ದು ತೀರಿಕೊಂಡ. ಅಲ್ಲಿಂದ ಅಪ್ಪನ ಹಾಡು ಮೆತ್ತಗಾಯಿತು, ಆಳವಾಯಿತು. ಕೇಳುವುದಕ್ಕೆ ಸರಿ ಅನ್ನಿಸುತ್ತದೆ. ಆದರೆ ಆಲ್ಬಂಗಳನ್ನು ಇಸವಿ ಪ್ರಕಾರ ಸಾಲಾಗಿ ಕೇಳಿದರೆ ಈ ಕಥೆ ನಿಲ್ಲುವುದಿಲ್ಲ.

'ಪುಶ್ ದ ಸ್ಕೈ ಅವೇ' ಬಂದದ್ದು 2013ರಲ್ಲಿ. ಮಗನ ಸಾವಿಗೆ ಎರಡು ವರ್ಷ ಮೊದಲು. ಆಗಲೇ ಡ್ರಮ್ಸ್ ಹಿಂದೆ ಸರಿದಿತ್ತು. ಗಿಟಾರ್ ಗದ್ದಲ ಹೆಚ್ಚುಕಡಿಮೆ ಮಾಯವಾಗಿತ್ತು. ಒಂದು ಸಣ್ಣ ಲೂಪ್ ಸುತ್ತುತ್ತಾ ಇರುತ್ತದೆ, ಅದರ ಮೇಲೆ ಕೇವ್ ಮಾತು ಹಾಡು ಎರಡರ ನಡುವೆ ಎಲ್ಲೋ ನಡೆಯುತ್ತಾರೆ. 'ಜುಬಿಲಿ ಸ್ಟ್ರೀಟ್'ನಲ್ಲಿ ಕಥೆ ಇದೆ ನಿಜ, ಆದರೆ ಚೂರುಚೂರಾಗಿ ಬರುತ್ತದೆ. 'ಹಿಗ್ಸ್ ಬೋಸಾನ್ ಬ್ಲೂಸ್' ಅಂತೂ ಜಿನೀವಾಗೆ ಹೊರಟ ಕಾರಿನಲ್ಲಿ ಕೂತು ರಾಬರ್ಟ್ ಜಾನ್ಸನ್‌ನಿಂದ ಮೈಲಿ ಸೈರಸ್ ತನಕ ಅಲೆದಾಡುತ್ತದೆ. ಮೊದಲಿನ ಕೇವ್ ಹೀಗೆ ಬರೆಯುತ್ತಿರಲಿಲ್ಲ. ಆರಂಭ, ನಡು, ಕೊಲೆ, ಪಶ್ಚಾತ್ತಾಪ ಅಂತ ಕಟ್ಟಿದ ಕಥೆ ಹೇಳುತ್ತಿದ್ದರು.

ಹಾಗಾಗಿ ನನ್ನ ವಾದ ಇದು. ದುಃಖ ಅವರ ಹಾಡಿನ ರೂಪವನ್ನು ಬದಲಿಸಲಿಲ್ಲ. ರೂಪ ಮೊದಲೇ ಬದಲಾಗಿತ್ತು. ಅದಕ್ಕೆ ಕಾರಣ ಅವರ ಬ್ಯಾಂಡಿನ ಪಿಟೀಲು ವಾದಕ ವಾರೆನ್ ಎಲಿಸ್ ಮತ್ತು ಆತನ ಜೊತೆ ಕೆಲಸ ಮಾಡುವ ಹೊಸ ರೀತಿ. ದುಃಖ ಬಂದಾಗ ಅದನ್ನು ಹಿಡಿಯಬಲ್ಲ ಪಾತ್ರೆ ಸಿದ್ಧವಾಗಿತ್ತು, ಅಷ್ಟೇ. ನೀವೆಲ್ಲ ಏನಂತೀರಿ?


ರಾತ್ರಿಪಾಳಿ

ಅರ್ಧ ಒಪ್ಪುತ್ತೇನೆ. ಆದರೆ ನೀವು ತೀರಾ ಕೊನೆಯಿಂದ ಶುರು ಮಾಡಿದ್ದೀರಿ. ಈ ಮನುಷ್ಯನ ಹಾಡಿನಲ್ಲಿ ಸಾವು ಮೊದಲ ದಿನದಿಂದ ಇದೆ.

ಅಪ್ಪ ಕಾಲಿನ್ ಕೇವ್ ಇಂಗ್ಲಿಷ್ ಮೇಷ್ಟ್ರು. ತಾಯಿ ಡಾನ್ ಲೈಬ್ರರಿಯಲ್ಲಿ ಕೆಲಸ. ಮಗನಿಗೆ ದೊಡ್ಡ ಸಾಹಿತ್ಯ ಗಟ್ಟಿಯಾಗಿ ಓದಿ ಹೇಳಿದ್ದು ಅಪ್ಪನೇ. ನಿಕ್ ಇನ್ನೂ ಇಪ್ಪತ್ತರ ಆಸುಪಾಸಿನಲ್ಲಿದ್ದಾಗ ಅಪ್ಪ ಕಾರು ಅಪಘಾತದಲ್ಲಿ ಸತ್ತರು. ಆ ಹೊತ್ತಿಗೆ ಮಗ ಮೆಲ್ಬೋರ್ನ್‌ನ ಸೇಂಟ್ ಕಿಲ್ಡಾ ಪೊಲೀಸ್ ಠಾಣೆಯಲ್ಲಿದ್ದ. ಜಾಮೀನು ಕೊಡಿಸಲು ಬಂದಿದ್ದ ತಾಯಿ ಅಲ್ಲೇ ಸುದ್ದಿ ಹೇಳಿದರು. ಮುಂದೆ 1990ರ ದಶಕದ ಕೊನೆಗೆ ವಿಯೆನ್ನಾದಲ್ಲಿ ಪ್ರೇಮಗೀತೆಗಳ ಬಗ್ಗೆ ಮಾಡಿದ ಭಾಷಣದಲ್ಲಿ ಕೇವ್ ಇದನ್ನೇ ಹೇಳುತ್ತಾರೆ. ಅಪ್ಪ ಹೋದ ಮೇಲೆ ಉಳಿದ ಖಾಲಿ ಜಾಗದಲ್ಲೇ ತನ್ನ ಮಾತುಗಳು ಬಂದು ಸೇರಿಕೊಂಡವು ಎಂಬ ಅರ್ಥದಲ್ಲಿ.

ಅಂದಮೇಲೆ ದುಃಖದಿಂದ ಹಾಡು ಹುಟ್ಟುವುದು ಅವರಿಗೆ 2015ರಲ್ಲಿ ಬಂದ ಹೊಸ ಸಂಗತಿ ಅಲ್ಲ. ಮೊದಲು ಆ ದುಃಖ ಸಿಟ್ಟಾಗಿ ಹೊರಗೆ ಬರುತ್ತಿತ್ತು. ಅವರ ಮೊದಲಿನ 'ದ ಬರ್ತ್‌ಡೇ ಪಾರ್ಟಿ' ಬ್ಯಾಂಡಿನ 'ಪ್ರೇಯರ್ಸ್ ಆನ್ ಫೈರ್' (1981), 'ಜಂಕ್‌ಯಾರ್ಡ್' (1982) ಕೇಳಿ. ರೋಲಂಡ್ ಹೋವರ್ಡ್ ಗಿಟಾರ್ ಚರ್ಮ ಸುಲಿಯುತ್ತದೆ. ಟ್ರೇಸಿ ಪ್ಯೂ ಬೇಸ್ ಎದೆ ಮೇಲೆ ಕೂರುತ್ತದೆ. ಅದರ ಮಧ್ಯೆ ಒಬ್ಬ ಹುಡುಗ ಗಂಟಲು ಹರಿಯುವ ಹಾಗೆ ಕೂಗುತ್ತಾನೆ. ಇವತ್ತಿಗೂ ನನಗೆ ಆ ಎರಡು ಆಲ್ಬಂಗಳಿಗಿಂತ ಅಪಾಯಕಾರಿ ಸಂಗೀತ ಸಿಕ್ಕಿಲ್ಲ.


ಮುಂಗಾರು

ನಾನು ಹೊಸಬಳು. 'ಪೀಕಿ ಬ್ಲೈಂಡರ್ಸ್' ಸರಣಿಯ ಶುರುವಿನಲ್ಲಿ ಬರುವ 'ರೆಡ್ ರೈಟ್ ಹ್ಯಾಂಡ್' ಕೇಳಿ ಹುಡುಕಿಕೊಂಡು ಬಂದವಳು. ಆಮೇಲೆ 'ಗೋಸ್ಟೀನ್' ಹಾಕಿದೆ. ಒಬ್ಬರೇ ಹಾಡಿದ್ದು ಅಂತ ನಂಬುವುದಕ್ಕೇ ಆಗಲಿಲ್ಲ. ಮಧ್ಯದಲ್ಲಿ ಏನಾಯಿತು ಅಂತ ಯಾರಾದರೂ ಬಿಡಿಸಿ ಹೇಳಿ, ಪ್ಲೀಸ್.


ಹಳೇಕ್ಯಾಸೆಟ್

ಮುಂಗಾರು ಅವರೇ, ಮಧ್ಯದಲ್ಲಿ ಇಪ್ಪತ್ತೈದು ವರ್ಷ ಆಯಿತು. ನನಗೆ ಮುಖ್ಯ ಅನ್ನಿಸಿದ್ದನ್ನು ಹೇಳುತ್ತೇನೆ.

ಮೆಲ್ಬೋರ್ನ್‌ನ ಶಾಲೆಯಲ್ಲಿ ಮಿಕ್ ಹಾರ್ವಿ ಪರಿಚಯ. 'ದ ಬಾಯ್ಸ್ ನೆಕ್ಸ್ಟ್ ಡೋರ್' ಅಂತ ಬ್ಯಾಂಡ್. 1980ರಲ್ಲಿ ಲಂಡನ್‌ಗೆ ಹೋಗಿ ಬ್ಯಾಂಡ್ ಹೆಸರನ್ನು 'ದ ಬರ್ತ್‌ಡೇ ಪಾರ್ಟಿ' ಅಂತ ಬದಲಾಯಿಸಿದರು. ಲಂಡನ್ ಒಗ್ಗಲಿಲ್ಲ, ಪಶ್ಚಿಮ ಬರ್ಲಿನ್‌ಗೆ ಹೋದರು. 1983ರಲ್ಲಿ ಬ್ಯಾಂಡ್ ಒಡೆಯಿತು. ಅದೇ ವರ್ಷ ಕೇವ್ ಅವರ ಮುಂದಿನ ಬ್ಯಾಂಡ್ 'ಬ್ಯಾಡ್ ಸೀಡ್ಸ್' ಹುಟ್ಟಿತು. ಇಲ್ಲಿ ಬ್ಲಿಕ್ಸಾ ಬಾರ್ಗೆಲ್ಡ್ ಅನ್ನುವ ಬರ್ಲಿನ್ ಕಲಾವಿದನನ್ನು ಗಮನಿಸಬೇಕು. ಕಬ್ಬಿಣ, ಡ್ರಿಲ್ ಮಷೀನ್ ಬಾರಿಸುವ ಬ್ಯಾಂಡಿನಿಂದ ಬಂದವರು. ರಾಕ್ ಗಿಟಾರಿಸ್ಟ್ ನುಡಿಸುವಂಥದ್ದು ಯಾವುದನ್ನೂ ಅವರು ನುಡಿಸುವುದಿಲ್ಲ. ಹಾಡಿನಲ್ಲಿ ಜಾಗ ಬಿಡುತ್ತಾರೆ, ಎಲ್ಲೋ ಒಂದು ಕಡೆ ಗೀರುತ್ತಾರೆ, ಮತ್ತೆ ಸುಮ್ಮನಾಗುತ್ತಾರೆ. ಬರ್ತ್‌ಡೇ ಪಾರ್ಟಿಯಲ್ಲಿ ಉಸಿರಾಡಲು ಜಾಗ ಇರಲಿಲ್ಲ. ಬ್ಯಾಡ್ ಸೀಡ್ಸ್‌ನಲ್ಲಿ ಜಾಗವೇ ಹೆದರಿಸುತ್ತದೆ. ವಿಮ್ ವೆಂಡರ್ಸ್ ಅವರ 1987ರ 'ವಿಂಗ್ಸ್ ಆಫ್ ಡಿಸೈರ್' ಸಿನಿಮಾದಲ್ಲಿ ಇವರು ವೇದಿಕೆ ಮೇಲೆ ನುಡಿಸುವ ದೃಶ್ಯ ಇದೆ. ಆ ಕಾಲದ ಬರ್ಲಿನ್ ಹೇಗಿತ್ತು ಅಂತ ಗೊತ್ತಾಗಬೇಕಾದರೆ ಅದನ್ನು ನೋಡಿ.

ಆಮೇಲೆ 1988ರ 'ಟೆಂಡರ್ ಪ್ರೇ'. ಅದರ ಮೊದಲ ಹಾಡು 'ದ ಮರ್ಸಿ ಸೀಟ್'. ವಿದ್ಯುತ್ ಕುರ್ಚಿಯಲ್ಲಿ ಸಾಯಲು ಹೊರಟ ಕೈದಿ ಏಳು ನಿಮಿಷ ಮಾತಾಡುತ್ತಾನೆ. ಸಾಯಲು ಹೆದರಿಕೆ ಇಲ್ಲ, ನಿಜವನ್ನೇ ಹೇಳಿದ್ದೇನೆ ಅಂತ ಪಲ್ಲವಿ ತಿರುಗಿ ತಿರುಗಿ ಬರುತ್ತದೆ. ಪ್ರತಿ ಸುತ್ತಿಗೂ ಒಂದೆರಡು ಮಾತು ಜಾರುತ್ತಾ ಹೋಗುತ್ತದೆ. ಕಟ್ಟಕಡೆಯ ಸಾಲಿನಲ್ಲಿ ಮಾತ್ರ ಸುಳ್ಳು ಹೇಳಿದೆನೇನೋ ಅನ್ನುವ ಭಯ ಬಾಯಿಬಿಡುತ್ತದೆ. ಅಷ್ಟೂ ಹೊತ್ತು ಕೇಳಿದ್ದೆಲ್ಲ ಆ ಒಂದು ಸಾಲಿನಿಂದ ತಲೆಕೆಳಗಾಗುತ್ತದೆ. ಅಮೆರಿಕದ ಹೆಸರಾಂತ ಗಾಯಕ ಜಾನಿ ಕ್ಯಾಶ್ ತಮ್ಮ ಕೊನೆಯ ವರ್ಷಗಳಲ್ಲಿ, 2000ದಲ್ಲಿ, ಇದನ್ನು ಹಾಡಿದರು. ಚಿಕ್ಕಂದಿನಲ್ಲಿ ಕ್ಯಾಶ್ ಅವರನ್ನು ಟಿವಿಯಲ್ಲಿ ನೋಡಿ ಬೆಳೆದ ಹುಡುಗನಿಗೆ ಇದಕ್ಕಿಂತ ದೊಡ್ಡ ಮನ್ನಣೆ ಬೇಕಾ?

ಹಾಗೆ ನೋಡಿದರೆ ತಂತಿನಾದ ಹೇಳುವ 'ಕಟ್ಟಿದ ಕಥೆ' ಇದೇ. ಅದನ್ನು ಕೀಳಾಗಿ ನೋಡಬೇಡಿ. ಇಂಥ ಹಾಡು ಕಟ್ಟಲು ಬರುವವರು ಎಷ್ಟು ಜನ ಇದ್ದಾರೆ?


ತಂತಿನಾದ

ಕೀಳಾಗಿ ನೋಡುತ್ತಿಲ್ಲ ಸರ್. 'ದ ಮರ್ಸಿ ಸೀಟ್' ನನ್ನ ಪ್ರಕಾರ ಇಂಗ್ಲಿಷ್ ರಾಕ್‌ನಲ್ಲಿ ಬಂದ ಅತ್ಯುತ್ತಮ ಕಥನಗೀತೆ. ಅಂಥದ್ದನ್ನು ಬರೆಯಬಲ್ಲವರು ಅದನ್ನು ಬೇಕೆಂದೇ ಕೈಬಿಟ್ಟರು ಅನ್ನುವುದೇ ನನಗೆ ದೊಡ್ಡ ವಿಷಯ.


ಹೊಂಗೆನೆರಳು

ಕಥನಗೀತೆ ಅಂದಿರಲ್ಲ, ಒಂದು ಮಾತು ಕೇಳಲೇಬೇಕು. 1996ರ 'ಮರ್ಡರ್ ಬ್ಯಾಲಡ್ಸ್' ನನಗೆ ಯಾವತ್ತೂ ಪೂರ್ತಿ ಒಗ್ಗಿಲ್ಲ. ಕೈಲಿ ಮಿನೋಗ್ ಜೊತೆ ಹಾಡಿದ 'ವೇರ್ ದ ವೈಲ್ಡ್ ರೋಸಸ್ ಗ್ರೋ' ಎಷ್ಟು ಚಂದ ಇದೆ! ರಾಗ ಮನಸ್ಸಿಗೆ ಅಂಟಿಕೊಳ್ಳುತ್ತದೆ. ಆದರೆ ಅದು ಒಬ್ಬ ಗಂಡಸು ಸುಂದರಿ ಅನ್ನುವ ಕಾರಣಕ್ಕೇ ಒಬ್ಬಳನ್ನು ಕಲ್ಲಿನಿಂದ ಹೊಡೆದು ಕೊಲ್ಲುವ ಕಥೆ. ಅದಕ್ಕೆ ಅಷ್ಟು ಚಂದದ ಬಟ್ಟೆ ತೊಡಿಸಬೇಕಿತ್ತಾ? ಆ ಕಾಲದ ಕೇವ್ ಹಾಡುಗಳಲ್ಲಿ ಹೆಂಗಸರು ಸಾಯುವುದಕ್ಕೇ ಬರುತ್ತಾರೆ ಅನ್ನಿಸುತ್ತದೆ.


ಹಳೇಕ್ಯಾಸೆಟ್

ನಿಮ್ಮ ಪ್ರಶ್ನೆ ನ್ಯಾಯವಾದದ್ದು. ಆದರೆ ಅದೇ ಆಲ್ಬಂನಲ್ಲಿ ಗಾಯಕಿ ಪಿಜೆ ಹಾರ್ವಿ ಜೊತೆ ಹಾಡಿದ 'ಹೆನ್ರಿ ಲೀ' ಇದೆ, ಅಲ್ಲಿ ಕೊಲ್ಲುವವಳು ಹೆಂಗಸು. 'ದ ಕರ್ಸ್ ಆಫ್ ಮಿಲ್‌ಹೇವನ್'ನಲ್ಲಿ ಇಡೀ ಊರನ್ನು ನಡುಗಿಸುವವಳು ಒಬ್ಬ ಹುಡುಗಿ. 'ಓಮ್ಯಾಲೀಸ್ ಬಾರ್'ನಲ್ಲಿ ಹದಿನಾಲ್ಕು ನಿಮಿಷ ಗಂಡಸು ಹೆಂಗಸು ಅಂತ ನೋಡದೆ ಎಲ್ಲರೂ ಸಾಯುತ್ತಾರೆ. ಕೊಲೆಯ ಲಾವಣಿ ಸ್ಕಾಟ್ಲೆಂಡ್, ಇಂಗ್ಲೆಂಡ್, ಅಮೆರಿಕದ ಹಳ್ಳಿಗಳಲ್ಲಿ ನೂರಾರು ವರ್ಷದಿಂದ ಇದೆ. ಅಲ್ಲಿ ರಾಗ ಯಾವಾಗಲೂ ಇಂಪಾಗಿಯೇ ಇರುತ್ತದೆ. ಹೆದರಿಕೆ ಹುಟ್ಟುವುದೇ ಅದರಿಂದ. ಕೊನೆಗೆ ಬಾಬ್ ಡಿಲನ್ ಅವರ ಒಂದು ಹಾಡನ್ನು ಕೈಲಿ, ಪಿಜೆ ಹಾರ್ವಿ, ಶೇನ್ ಮೆಗಾವನ್, ಅನಿಟಾ ಲೇನ್, ಬ್ಲಿಕ್ಸಾ ಎಲ್ಲರೂ ಸರದಿಯಲ್ಲಿ ಹಾಡುತ್ತಾರೆ. ಆಲ್ಬಂನಲ್ಲಿ ಯಾರೂ ಸಾಯದ ಹಾಡು ಅದೊಂದೇ.


ಹೊಂಗೆನೆರಳು

ಕೊಲ್ಲುವ ಹೆಂಗಸರೂ ಇದ್ದಾರೆ ಅಂದರೆ ಲೆಕ್ಕ ಸರಿಹೋಗುವುದಿಲ್ಲ ಸರ್. 'ವೈಲ್ಡ್ ರೋಸಸ್'ನಲ್ಲಿ ಅವಳಿಗೆ ಅವನ ಮೇಲೆ ಆಸೆ ಇದೆ, ನಂಬಿಕೆ ಇದೆ. ಕೊಲ್ಲುವವನಿಗೆ ಒಂದು ಕಾರಣ ಸಿಗುತ್ತದೆ, ಅವಳಿಗೆ ಹೂವು ಮಾತ್ರ ಸಿಗುತ್ತದೆ. ಹಾಡು ಒಳ್ಳೆಯದೇ. ಆದರೆ ಈ ಮಾತನ್ನು ಬಿಟ್ಟು ಅದನ್ನು ಹೊಗಳಲು ನನ್ನಿಂದ ಆಗುವುದಿಲ್ಲ.

ಕೈಲಿ ವಿಷಯದಲ್ಲಿ ಮಾತ್ರ ಕೇವ್ ನಡೆದುಕೊಂಡ ರೀತಿ ನನಗೆ ಇಷ್ಟ. ಪಾಪ್ ಗಾಯಕಿ ಅಂತ ಎಲ್ಲರೂ ಹಗುರವಾಗಿ ನೋಡುತ್ತಿದ್ದ ಕಾಲ ಅದು. ಲಂಡನ್‌ನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ಒಂದು ಕವಿಗೋಷ್ಠಿಯಲ್ಲಿ ಆಕೆ ತನ್ನ ಹಳೇ ಹಿಟ್ ಹಾಡಿನ ಸಾಹಿತ್ಯವನ್ನು ಕವಿತೆ ಹಾಗೆ ಓದಿದಳು. ಓದು ಅಂತ ಒತ್ತಾಯ ಮಾಡಿದ್ದು ಕೇವ್. ನಿನ್ನ ಹಳೆಯದರಿಂದ ಓಡಿಹೋಗಬೇಡ ಅಂತ ಹೇಳಿದ ಹಾಗೆ.


ರಾತ್ರಿಪಾಳಿ

1996ರಲ್ಲೇ ಎಂಟಿವಿ ಕೇವ್ ಅವರನ್ನು ಉತ್ತಮ ಗಾಯಕ ಪ್ರಶಸ್ತಿಗೆ ಹೆಸರಿಸಿತ್ತು. ಅವರು ಮರ್ಯಾದೆಯಿಂದ ಪತ್ರ ಬರೆದು ಬೇಡ ಅಂದರು. ನನ್ನ ಕಾವ್ಯದೇವತೆ ರೇಸಿಗೆ ಓಡುವ ಕುದುರೆ ಅಲ್ಲ ಅನ್ನುವುದು ಆ ಪತ್ರದ ಸಾರ. ಅತಿ ಜಾಸ್ತಿ ಮಾರಾಟವಾದ ಆಲ್ಬಂ ಕೈಯಲ್ಲಿದ್ದಾಗ ಹೀಗೆ ಬರೆಯುವುದಕ್ಕೆ ಧೈರ್ಯ ಬೇಕು.


ಯಾರಾದೀಪ

ಮೆಲ್ಬೋರ್ನ್‌ನಲ್ಲಿ ನೆಲೆಸಿರುವ ಕನ್ನಡದವನು ನಾನು. ಊರಿನ ಬಗ್ಗೆ ಸ್ವಲ್ಪ ಹೇಳುತ್ತೇನೆ, ಯಾಕೆಂದರೆ ಇಲ್ಲಿಂದ ನೋಡಿದರೆ ಕೇವ್ ಬೇರೆಯಾಗಿ ಕಾಣುತ್ತಾರೆ.

ಅವರು 1957ರಲ್ಲಿ ಹುಟ್ಟಿದ್ದು ವಾರಕ್ನಬೀಲ್ ಅನ್ನುವ ಗೋಧಿ ಬೆಳೆಯುವ ಊರಿನಲ್ಲಿ. ಮೆಲ್ಬೋರ್ನ್‌ನಿಂದ 300 ಕಿಲೋಮೀಟರಿಗಿಂತ ಜಾಸ್ತಿ ದೂರ. ಬೆಳೆದದ್ದು ವಾಂಗರಟ್ಟಾದಲ್ಲಿ. ಅಲ್ಲಿನ ಕ್ಯಾಥೆಡ್ರಲ್‌ನ ಗಾಯನ ತಂಡದಲ್ಲಿ ಹುಡುಗ ಹಾಡುತ್ತಿದ್ದ. ಬೈಬಲ್ ಭಾಷೆ ಅವರಿಗೆ ಪುಸ್ತಕದಿಂದ ಬಂದದ್ದಕ್ಕಿಂತ ಮೊದಲು ಬಾಯಿಂದ ಬಂತು. ಪಕ್ಕದಲ್ಲೇ ಗ್ಲೆನ್‌ರೋವನ್. 1880ರಲ್ಲಿ ನೆಡ್ ಕೆಲ್ಲಿ ಅನ್ನುವ ದರೋಡೆಕೋರ ಕಬ್ಬಿಣದ ಕವಚ ತೊಟ್ಟು ಪೊಲೀಸರ ಜೊತೆ ಕೊನೆಯ ಸಲ ಹೋರಾಡಿದ್ದು ಅಲ್ಲಿ. ನದಿ, ಒಣಹುಲ್ಲು, ದೂರದ ಬಂದೂಕು, ಚರ್ಚು. ಅವರ ಹಾಡುಗಳಲ್ಲಿ ಅಮೆರಿಕದ ದಕ್ಷಿಣದ ರಾಜ್ಯಗಳೇ ಕಾಣುತ್ತವೆ ಅಂತ ಎಲ್ಲರೂ ಬರೆಯುತ್ತಾರೆ. ನನಗಂತೂ ಅದರ ಕೆಳಗೆ ಇಲ್ಲಿನ ವಿಕ್ಟೋರಿಯಾ ರಾಜ್ಯದ ಹಳ್ಳಿ ಕಾಣುತ್ತದೆ. 2005ರ 'ದ ಪ್ರಪೊಸಿಷನ್' ಸಿನಿಮಾಕ್ಕೆ ಕೇವ್ ಚಿತ್ರಕಥೆ ಬರೆದಾಗ ಅದು ನೇರವಾಗಿ ಹೊರಗೆ ಬಂತು. ಕ್ವೀನ್ಸ್‌ಲ್ಯಾಂಡ್‌ನ ಬಿಸಿಲು, ನೊಣ, ಬಿಳಿಯರ ಕ್ರೌರ್ಯ ಯಾವುದನ್ನೂ ಮುಚ್ಚಿಲ್ಲ.

ಸೇಂಟ್ ಕಿಲ್ಡಾದಲ್ಲಿ ಅವರು ಶುರುವಿನಲ್ಲಿ ಹಾಡುತ್ತಿದ್ದ ಬಾಲ್‌ರೂಮ್ ಇದ್ದ ಹೋಟೆಲ್ ಕಟ್ಟಡ ಈಗಲೂ ಇದೆ. ಅವರ ಕೈಬರಹದ ನೋಟ್‌ಬುಕ್‌ಗಳು ಮೆಲ್ಬೋರ್ನ್ ಆರ್ಟ್ಸ್ ಸೆಂಟರ್ ಸಂಗ್ರಹದಲ್ಲಿವೆ. ತಾವೇ ಮಾಡಿಕೊಂಡ ಪದಪಟ್ಟಿಗಳು, ದೇವರ ಚಿತ್ರಗಳು, ಅಂಟಿಸಿದ ಕೂದಲು. ಹುಚ್ಚು ಆವೇಶದಲ್ಲಿ ಬರೆದವರಲ್ಲ ಅವರು. ಬೆಳಿಗ್ಗೆ ಆಫೀಸಿಗೆ ಹೋಗಿ ಮೇಜಿನ ಮುಂದೆ ಕೂತು ಬರೆಯುವ ಮನುಷ್ಯ. ಹಾಗಂತ ಅವರೇ ಎಷ್ಟೋ ಸಲ ಹೇಳಿದ್ದಾರೆ.


ಬಿಳಿಕೀಲಿ

ಪಿಯಾನೊ ನುಡಿಸುವವಳಾಗಿ ನಾನು ಹೇಳುವುದು ಬೇರೆ. ತಂತಿನಾದ ಅವರೇ, ನೀವು 2013ರಲ್ಲಿ ತಿರುವು ಇದೆ ಅಂತೀರಿ. ನನಗೆ ತಿರುವು 1997ರ 'ದ ಬೋಟ್‌ಮನ್ಸ್ ಕಾಲ್'.

ಅದಕ್ಕೂ ಮೊದಲೇ ಸಣ್ಣ ಸುಳಿವು ಇತ್ತು. 1988ರಲ್ಲಿ ಮಾದಕ ವ್ಯಸನಕ್ಕೆ ಚಿಕಿತ್ಸೆ, ಆಮೇಲೆ ಬ್ರೆಜಿಲ್‌ನ ಸಾವ್ ಪೌಲೋದಲ್ಲಿ ರೆಕಾರ್ಡ್ ಮಾಡಿದ 'ದ ಗುಡ್ ಸನ್' (1990). ಅದರಲ್ಲಿ 'ದ ಶಿಪ್ ಸಾಂಗ್' ಇದೆ. ಕೂಗುತ್ತಿದ್ದವರು ಮೊದಲ ಸಲ ಮೆಲ್ಲಗೆ ಹಾಡಿದಾಗ ಹಳೇ ಅಭಿಮಾನಿಗಳು ಮುನಿಸಿಕೊಂಡರು. ಆದರೆ 'ಬೋಟ್‌ಮನ್ಸ್ ಕಾಲ್'ನಲ್ಲಿ ಕೇವ್ ಪಾತ್ರಗಳನ್ನೆಲ್ಲ ಮನೆಗೆ ಕಳಿಸಿ ತಾವೊಬ್ಬರೇ ಪಿಯಾನೊ ಮುಂದೆ ಕೂತರು. ಪ್ರೀತಿ ಮುರಿದ ನೋವು ಅದರಲ್ಲಿ ಮುಖವಾಡ ಇಲ್ಲದೆ ಬರುತ್ತದೆ. ಪಿಜೆ ಹಾರ್ವಿ ಅವರೇ ಅಲ್ಲಿನ ಕೆಲವು ಹಾಡುಗಳ ಹಿಂದೆ ಇರುವವರು. 'ಇನ್‌ಟು ಮೈ ಆರ್ಮ್ಸ್' ನುಡಿಸಿ ನೋಡಿ. ಮೊದಲ ಪಾಠ ಕಲಿತ ಮಕ್ಕಳ ಕೈಗೂ ಬರುವ ಸ್ವರಗಳು. ಪಿಯಾನೊ, ಬೇಸ್, ದನಿ, ಅಷ್ಟೇ. ದೇವರು ಮನುಷ್ಯನ ಬದುಕಿನಲ್ಲಿ ಕೈಹಾಕುತ್ತಾನೆ ಅಂತ ನಾನು ನಂಬುವುದಿಲ್ಲ ಅಂತ ಶುರು ಮಾಡಿ, ಆಮೇಲೆ ಪ್ರಾರ್ಥನೆಯನ್ನೇ ಮಾಡುತ್ತಾರೆ. ಅದೇ ವರ್ಷ ಗೆಳೆಯ, ಗಾಯಕ ಮೈಕಲ್ ಹಚನ್ಸ್ ತೀರಿಕೊಂಡಾಗ ಸಿಡ್ನಿಯಲ್ಲಿ ಅಂತ್ಯಕ್ರಿಯೆಯಲ್ಲಿ ಇದನ್ನು ಹಾಡಿದರು. ಟಿವಿಯಲ್ಲಿ ನೇರ ಪ್ರಸಾರ ಇತ್ತು. ತಾವು ಹಾಡುವಾಗ ಕ್ಯಾಮೆರಾ ಆಫ್ ಮಾಡಿ ಅಂತ ಕೇಳಿಕೊಂಡರು.

ಇನ್ನೊಂದು ವಿಷಯ. 1998ರಲ್ಲಿ ಮಾರ್ಕನ ಸುವಾರ್ತೆಯ ಒಂದು ಪುಟ್ಟ ಆವೃತ್ತಿಗೆ ಕೇವ್ ಮುನ್ನುಡಿ ಬರೆದರು. ಹರೆಯದಲ್ಲಿ ಹಳೆ ಒಡಂಬಡಿಕೆಯ ಸಿಟ್ಟಿನ ದೇವರು ಬೇಕಾಗಿದ್ದ. ವಯಸ್ಸಾದ ಮೇಲೆ ಒಂಟಿಯಾದ, ಯಾರಿಗೂ ಅರ್ಥವಾಗದ ಕ್ರಿಸ್ತ ಬೇಕಾದ. ಹಾಡುಗಳನ್ನು ಪಕ್ಕದಲ್ಲಿಟ್ಟು ಅದನ್ನು ಓದಿದರೆ ಇಡೀ ದಾರಿ ಕಾಣುತ್ತದೆ.


ತಂತಿನಾದ

ಬಿಳಿಕೀಲಿ, ನಿಮ್ಮ ಮಾತು ತೂಕದ್ದು. ಆದರೂ ಒಂದು ವ್ಯತ್ಯಾಸ ಇದೆ. 'ಬೋಟ್‌ಮನ್ಸ್ ಕಾಲ್'ನಲ್ಲಿ ವಿಷಯ ಬದಲಾಯಿತು, ಬರೆಯುವ ರೀತಿ ಬದಲಾಗಲಿಲ್ಲ. ಮೇಜಿನ ಮುಂದೆ ಕೂತು ಪೂರ್ತಿ ಬರೆದು, ಆಮೇಲೆ ಬ್ಯಾಂಡಿಗೆ ತಂದ ಹಾಡುಗಳೇ ಅವು. ಅದು ಮುರಿದದ್ದು ಹೇಗೆ ಅಂತ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ವಾರೆನ್ ಎಲಿಸ್ ಬ್ಯಾಲರಟ್‌ನವರು, 'ಡರ್ಟಿ ಥ್ರೀ' ಬ್ಯಾಂಡಿನ ಪಿಟೀಲು ವಾದಕ. 1990ರ ದಶಕದ ನಡುವಿನಲ್ಲಿ ಬ್ಯಾಡ್ ಸೀಡ್ಸ್ ಹತ್ತಿರ ಬಂದರು. ಮೊದಲು ಅಲಂಕಾರಕ್ಕೆ ಒಂದು ಪಿಟೀಲು ಅನ್ನುವ ಹಾಗಿದ್ದರು. 2003ರಲ್ಲಿ ಬ್ಲಿಕ್ಸಾ ಬಿಟ್ಟು ಹೋದರು. 2005ರಿಂದ ಕೇವ್ ಮತ್ತು ಎಲಿಸ್ ಇಬ್ಬರೇ ಸಿನಿಮಾಗಳಿಗೆ ಹಿನ್ನೆಲೆ ಸಂಗೀತ ಮಾಡತೊಡಗಿದರು. 'ದ ಪ್ರಪೊಸಿಷನ್', ಜೆಸ್ಸಿ ಜೇಮ್ಸ್ ಬಗೆಗಿನ 2007ರ ಸಿನಿಮಾ, 'ದ ರೋಡ್'. ಸಿನಿಮಾ ಸಂಗೀತಕ್ಕೆ ಪಲ್ಲವಿ ಚರಣ ಬೇಡ. ಒಂದು ಭಾವ ಹಿಡಿದು ನಿಲ್ಲಬೇಕು. ಅದೇ ಹೊತ್ತಿಗೆ ನಾಲ್ಕೇ ಜನರ 'ಗ್ರೈಂಡರ್‌ಮ್ಯಾನ್' ಬ್ಯಾಂಡ್ (2007). ಕೋಣೆಯಲ್ಲಿ ಸೇರಿ ಮನಸ್ಸಿಗೆ ಬಂದದ್ದು ನುಡಿಸಿ, ಗಂಟೆಗಟ್ಟಲೆ ರೆಕಾರ್ಡ್ ಮಾಡಿ, ಅದರಿಂದ ಹಾಡು ಹೆಕ್ಕಿದರು. ಕೇವ್ ಪಿಯಾನೊ ಬಿಟ್ಟು ಗಿಟಾರ್ ಹಿಡಿದರು, ಅದೂ ಒರಟಾಗಿ.

2009ರಲ್ಲಿ ಮಿಕ್ ಹಾರ್ವಿ ಹೊರನಡೆದರು. ಶಾಲೆಯ ದಿನಗಳಿಂದ ಜೊತೆಗಿದ್ದವರು. ಬ್ಯಾಂಡಿನ ಲೆಕ್ಕಪತ್ರದಿಂದ ಹಿಡಿದು ಸಂಗೀತದ ಜೋಡಣೆ ತನಕ ಎಲ್ಲ ನೋಡಿಕೊಂಡವರು. ನನಗೆ ಇದು ಬಹಳ ಬೇಸರದ ಸಂಗತಿ. ಆದರೆ ಹಾರ್ವಿ ಹಾಡಿಗೆ ಎಲುಬು ಕೊಡುತ್ತಿದ್ದರು, ಎಲಿಸ್ ಎಲುಬು ತೆಗೆದು ಮಂಜು ತುಂಬಿದರು. ಹಾರ್ವಿ ಇಲ್ಲದ ಮೊದಲ ಆಲ್ಬಂ ಯಾವುದು ಗೊತ್ತಲ್ಲ? ಅದೇ 2013ರದ್ದು. ದಕ್ಷಿಣ ಫ್ರಾನ್ಸ್‌ನ ಒಂದು ಹಳೇ ಬಂಗಲೆಯಲ್ಲಿ ರೆಕಾರ್ಡ್ ಮಾಡಿದ್ದು.

ಇನ್ನು 2016ರ 'ಸ್ಕೆಲಿಟನ್ ಟ್ರೀ'. ಮಗ ಸತ್ತ ಮೇಲೆ ಬಂದ ಆಲ್ಬಂ ನಿಜ. ಆದರೆ ಕೆಲಸ 2014ರ ಕೊನೆಯಲ್ಲೇ ಶುರುವಾಗಿತ್ತು. ಹಾಡುಗಳ ಬಹುಪಾಲು ಮೊದಲೇ ಬರೆದದ್ದು. 'ಜೀಸಸ್ ಅಲೋನ್' ಶುರುವಾಗುವುದೇ ಆಕಾಶದಿಂದ ಬಿದ್ದ ಒಬ್ಬರ ಚಿತ್ರದಿಂದ. ಕೇಳಿದವರೆಲ್ಲ ಅದು ಮಗನ ಬಗ್ಗೆ ಅಂದುಕೊಂಡರು. ಬರೆದದ್ದು ಮಗ ಬದುಕಿದ್ದಾಗ.


ಕೆಂಪುಕಾಗದ

ಇಷ್ಟು ಹೊತ್ತು ಸುಮ್ಮನೆ ಓದುತ್ತಿದ್ದೆ. ತಂತಿನಾದ ಹೇಳುವ ಇಸವಿಗಳು ಸರಿ ಇವೆ. ಆದರೂ ವಾದ ಪೂರ್ತಿ ಒಪ್ಪಲು ಆಗುತ್ತಿಲ್ಲ.

ನನ್ನ ತಮ್ಮನನ್ನು ಕಳೆದುಕೊಂಡ ಮೇಲೆ ಕೇವ್ ಹಾಡು ಕೇಳಲು ಶುರು ಮಾಡಿದವಳು ನಾನು. ನನಗೆ ಮೊದಲು ಸಿಕ್ಕಿದ್ದು ಹಾಡಲ್ಲ, 'ರೆಡ್ ಹ್ಯಾಂಡ್ ಫೈಲ್ಸ್'. 2018ರ ಸೆಪ್ಟೆಂಬರ್‌ನಿಂದ ಅವರು ನಡೆಸುತ್ತಿರುವ ಪತ್ರಮಾಲೆ. ಯಾರು ಬೇಕಾದರೂ ಏನು ಬೇಕಾದರೂ ಕೇಳಬಹುದು, ಅವರೇ ಓದಿ ಉತ್ತರ ಬರೆಯುತ್ತಾರೆ. 300ಕ್ಕೂ ಹೆಚ್ಚು ಪತ್ರ ಆಗಿವೆ. ಶುರುವಿನ ತಿಂಗಳುಗಳಲ್ಲೇ ಹತ್ತಿರದವರನ್ನು ಕಳೆದುಕೊಂಡ ಒಬ್ಬ ಹೆಂಗಸಿಗೆ ಬರೆದ ಉತ್ತರದಲ್ಲಿ ಪ್ರೀತಿ ಇದ್ದಲ್ಲಿ ದುಃಖವೂ ಇರುತ್ತದೆ, ಅದು ನಾವು ಮಾಡಿಕೊಂಡ ಒಪ್ಪಂದ ಅನ್ನುವ ಮಾತು ಬರುತ್ತದೆ. ಸಮಾಧಾನ ಮಾಡಿಕೊಳ್ಳಿ, ಕಾಲವೇ ಔಷಧಿ ಅಂತ ಎಲ್ಲರೂ ಹೇಳುವ ಹೊತ್ತಿನಲ್ಲಿ ಇದು ನನಗೆ ಎಷ್ಟು ಬೇಕಾಗಿತ್ತು ಅಂತ ಹೇಳಲು ಬರುವುದಿಲ್ಲ.

ನನ್ನ ಮಾತು ಇಷ್ಟು. ಹಾಡಿನ ರೂಪ ಮೊದಲೇ ಬದಲಾಗಿರಬಹುದು. ಬದಲಾಗಿದ್ದು ಅವರು ಯಾರ ಜೊತೆ ಮಾತಾಡುತ್ತಾರೆ ಅನ್ನುವುದು. ಮೊದಲಿನ ಕೇವ್ ವೇದಿಕೆಯಿಂದ ಜನರನ್ನು ಹೆದರಿಸುತ್ತಿದ್ದರು. ಆಮೇಲಿನವರು ಜನರ ಕೈ ಹಿಡಿದು ಹಾಡುತ್ತಾರೆ, ನಿಜವಾಗಿಯೂ ಮುಂದಿನ ಸಾಲಿನವರ ಕೈ ಹಿಡಿಯುತ್ತಾರೆ. 2016ರಲ್ಲಿ ಪತ್ರಕರ್ತರಿಗೆ ಮುಖ ಕೊಡಲು ಆಗದೆ ಆಂಡ್ರೂ ಡಾಮಿನಿಕ್ ಕೈಯಲ್ಲಿ ಒಂದು ಕಪ್ಪುಬಿಳುಪು ಸಿನಿಮಾ ಮಾಡಿಸಿದ ಮನುಷ್ಯ, ಎರಡೇ ವರ್ಷದಲ್ಲಿ ಯಾರು ಏನು ಬೇಕಾದರೂ ಕೇಳಿ ಅಂತ ಬಾಗಿಲು ತೆಗೆದರು. ಇದನ್ನು ವಾರೆನ್ ಎಲಿಸ್ ಲೂಪ್ ಮಾಡಲಿಲ್ಲ. ಆರ್ಥರ್ ಸಾವು ಮಾಡಿತು. ಆಮೇಲೆ 2022ರಲ್ಲಿ ಹಿರಿಯ ಮಗ ಜೆಥ್ರೊ ಕೂಡ ಹೋದ. ಅದಾದ ಮೇಲೂ ಬಾಗಿಲು ಮುಚ್ಚಲಿಲ್ಲ.

'ಗೋಸ್ಟೀನ್' (2019) ಬಗ್ಗೆ ಅವರೇ ಹೇಳಿದ್ದಾರೆ. ಮೊದಲ ಭಾಗದ ಹಾಡುಗಳು ಮಕ್ಕಳು, ಎರಡನೇ ಭಾಗದವು ಅವರ ಅಪ್ಪ ಅಮ್ಮ. ಅದನ್ನು ಪಾತ್ರೆ, ರೂಪ ಅಂತ ಬಿಡಿಸಿ ನೋಡಲು ನನ್ನ ಕೈಲಿ ಆಗುವುದಿಲ್ಲ.


ತಂತಿನಾದ

ಕೆಂಪುಕಾಗದ ಅವರೇ, ಇದನ್ನು ಇಲ್ಲಿ ಬರೆದದ್ದಕ್ಕೆ ಧನ್ಯವಾದ. ಯಾರ ಜೊತೆ ಮಾತಾಡುತ್ತಾರೆ ಅನ್ನುವ ನಿಮ್ಮ ಮಾತು ಒಪ್ಪಿದೆ. ನನ್ನ ವಾದಕ್ಕೆ ಅದನ್ನು ಸೇರಿಸಿಕೊಳ್ಳುತ್ತೇನೆ. ನನಗೆ ಬೇಸರ ತರಿಸುವುದು ಬೇರೆ. ದುಃಖವೇ ಕಲೆ ಮಾಡಿತು ಅಂದುಬಿಟ್ಟರೆ ಅಷ್ಟು ವರ್ಷದ ದುಡಿಮೆ ಅಳಿಸಿಹೋಗುತ್ತದೆ. ಕುಳಿತು ಕಲಿತವರು ಅವರು.


ಬಿಳಿಕೀಲಿ

2024ರ 'ವೈಲ್ಡ್ ಗಾಡ್' ಬಗ್ಗೆ ಯಾರೂ ಮಾತಾಡಲಿಲ್ಲ. ಇಡೀ ಬ್ಯಾಂಡ್ ವಾಪಸ್ ಬಂದಿದೆ, ಗಾಯನವೃಂದ ಇದೆ, ಡ್ರಮ್ಸ್ ಇದೆ. 'ಜಾಯ್' ಅನ್ನುವ ಹಾಡಿನಲ್ಲಿ ದುಃಖ ಸಾಕಾಯಿತು, ಈಗ ಸಂತೋಷದ ಹೊತ್ತು ಅಂತ ಒಂದು ದನಿ ಬಂದು ಹೇಳುತ್ತದೆ. ಇನ್ನೊಂದು ಹಾಡು ಅನಿಟಾ ಲೇನ್ ಬಗ್ಗೆ. ಮೆಲ್ಬೋರ್ನ್ ದಿನಗಳ ಗೆಳತಿ, ಆರಂಭದ ಹಾಡುಗಳಿಗೆ ಜೊತೆಗೆ ಸಾಹಿತ್ಯ ಬರೆದವಳು. 2021ರಲ್ಲಿ ತೀರಿಕೊಂಡಳು. ಹಾಡಿನ ಒಳಗೆ ಫೋನ್‌ನಲ್ಲಿ ಅವಳೇ ನಗುತ್ತಾ ಮಾತಾಡುವುದು ಕೇಳುತ್ತದೆ. ಹೊಂಗೆನೆರಳು ಅವರೇ, ನಿಮ್ಮ ಪ್ರಶ್ನೆಗೆ ಇದು ಉತ್ತರ ಅಲ್ಲ. ಆದರೂ ಕೇಳಿ. ಇಲ್ಲಿ ಹೆಂಗಸು ಸತ್ತ ಮೇಲೂ ಮಾತಾಡುತ್ತಾಳೆ, ಅವಳದೇ ದನಿಯಲ್ಲಿ.


ರಾತ್ರಿಪಾಳಿ

'ವೈಲ್ಡ್ ಗಾಡ್' ನನಗೆ ಸ್ವಲ್ಪ ಸಿಹಿ ಜಾಸ್ತಿ. ಅನಿಟಾ ಹಾಡು ಮಾತ್ರ ಎದೆಗೆ ತಾಗುತ್ತದೆ.


ಹೊಂಗೆನೆರಳು

ಈಗಷ್ಟೇ ಕೇಳಿದೆ. ಆ ನಗು ಬಹಳ ಚಂದ ಇದೆ.


ಮುಂಗಾರು

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಈಗ ಯಾವುದರಿಂದ ಶುರು ಮಾಡಲಿ? ಇಸವಿ ಪ್ರಕಾರ ಹೋಗಬೇಕಾ?


ಹಳೇಕ್ಯಾಸೆಟ್

ಬೇಡ. 1981ರಿಂದ ಶುರು ಮಾಡಿದರೆ ಓಡಿಹೋಗುತ್ತೀರಿ. ನೀವು 'ರೆಡ್ ರೈಟ್ ಹ್ಯಾಂಡ್' ಇಷ್ಟಪಟ್ಟವರು, ಅದು ಇರುವ 1994ರ 'ಲೆಟ್ ಲವ್ ಇನ್' ಪೂರ್ತಿ ಕೇಳಿ. ಬ್ಯಾಂಡ್ ಎಲ್ಲ ಹದಕ್ಕೆ ಬಂದ ಕಾಲ. ಅಲ್ಲಿಂದ ಹಿಂದೆ 'ಟೆಂಡರ್ ಪ್ರೇ', ಮುಂದೆ 'ಬೋಟ್‌ಮನ್ಸ್ ಕಾಲ್'. 'ಸ್ಕೆಲಿಟನ್ ಟ್ರೀ' ಒಬ್ಬರೇ ಇದ್ದಾಗ ಕೇಳಿ, ಬೇರೆ ಕೆಲಸ ಇಟ್ಟುಕೊಳ್ಳಬೇಡಿ.


ಬಿಳಿಕೀಲಿ

ಇದಕ್ಕೆ ಒಂದು ಸೇರಿಸುತ್ತೇನೆ. 2020ರ ಲಾಕ್‌ಡೌನ್ ಕಾಲದಲ್ಲಿ ಲಂಡನ್‌ನ ಅಲೆಕ್ಸಾಂಡ್ರಾ ಪ್ಯಾಲೆಸ್‌ನ ಖಾಲಿ ಸಭಾಂಗಣದಲ್ಲಿ ಕೇವ್ ಒಬ್ಬರೇ ಪಿಯಾನೊ ಜೊತೆ ಕೂತು ರೆಕಾರ್ಡ್ ಮಾಡಿದ 'ಈಡಿಯಟ್ ಪ್ರೇಯರ್'. 'ದ ಮರ್ಸಿ ಸೀಟ್', 'ಗ್ರೈಂಡರ್‌ಮ್ಯಾನ್' ಹಾಡುಗಳು, 'ಜುಬಿಲಿ ಸ್ಟ್ರೀಟ್' ಎಲ್ಲ ಅದರಲ್ಲಿವೆ, ಬ್ಯಾಂಡ್ ಇಲ್ಲದೆ. ತಂತಿನಾದ ಅವರ ವಾದ ಸರಿಯಾ ತಪ್ಪಾ ಅಂತ ನೋಡಲು ಅದಕ್ಕಿಂತ ಒಳ್ಳೆಯದು ಇಲ್ಲ. ಹಳೆಯದು ಹೊಸದು ಎರಡನ್ನೂ ಒಂದೇ ಕೈ ನುಡಿಸುತ್ತದೆ. ಕೇಳಿ ಆದ ಮೇಲೆ ಇಲ್ಲಿ ಬಂದು ಬರೆಯಿರಿ.